ಮಂಡ್ಯದಿಂದ ಏರ್‌ಪೋರ್ಟ್‌ಗೆ: ರೈಲಿಗೆಷ್ಟು, ಮೆಟ್ರೋಗೆಷ್ಟು, ಬಸ್ಸಿಗೆಷ್ಟು?

ಮಂಡ್ಯ ಲೋಕಲ್:

ಹೋದ ವಾರ ನಮ್ಮ ಭಾವನನ್ನು ಬೆಂಗಳೂರು ಏರ್‌ಪೋರ್ಟ್‌ಗೆ ಬಿಟ್ಟು ಬಂದೆವು. ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾರೆ, ಎರಡು ವರ್ಷಕ್ಕೊಂದು ಸಲ ಊರಿಗೆ ಬರುತ್ತಾರೆ. ಫ್ಲೈಟ್ ಬೆಳಗಿನ ಜಾವ 4 ಗಂಟೆ ಮೇಲೆ, ಅದಕ್ಕೆ ರಾತ್ರಿ 9ಕ್ಕೇ ಮನೆ ಬಿಟ್ಟೆವು. ಅಮ್ಮ, ಅಕ್ಕ, ಅಕ್ಕನ ಮಗಳು, ಭಾವ, ನಾನು, ಎರಡು ದೊಡ್ಡ ಬ್ಯಾಗು. ಒಂದರಲ್ಲಿ 5 ಕೆಜಿ ರಾಗಿ ಹಿಟ್ಟು, ಹುರುಳಿಕಾಳು, ಹಳೇ ಪಂಚೆ ಸುತ್ತಿದ ಉಪ್ಪಿನಕಾಯಿ ಡಬ್ಬ. ಪಕ್ಕದ ತರಕಾರಿ ಅಂಗಡಿ ತಕ್ಕಡಿಯಲ್ಲಿ ಎರಡು ಸಲ ತೂಕ ನೋಡಿ, ಜಾಸ್ತಿ ಆಯಿತು ಅಂತ ಅಕ್ಕ ಅರ್ಧ ಕೆಜಿ ಹಿಟ್ಟನ್ನು ವಾಪಸ್ ತೆಗೆದಿಟ್ಟಳು.

ಕಾರಿಗೆ ಟೋಲು, ಡ್ರೈವರ್ ಬಾಟಾ ಎಲ್ಲ ಸೇರಿ 5,200 ರೂಪಾಯಿ ಆಯಿತು. ಅಮ್ಮ ಸೆರಗಿನ ಗಂಟು ಬಿಚ್ಚಿ ಒಂದೊಂದೇ ನೋಟು ಎಣಿಸಿ ಕೊಟ್ಟರು. ಭಾವ ಬೇಡ ಬೇಡ ಅಂದರೂ ಕೇಳಲಿಲ್ಲ.

ವಾಪಸ್ ಬರುವಾಗ ಅವರೆಲ್ಲ ಅದೇ ಕಾರಲ್ಲಿ ಹೊರಟರು. ನಾನು ಒಂದು ಸಲ ನೋಡಿಯೇ ಬಿಡೋಣ ಅಂತ ಅಲ್ಲೇ ಉಳಿದುಕೊಂಡೆ. ಏರ್‌ಪೋರ್ಟ್‌ನ ವಾಯುವಜ್ರ ಏಸಿ ಬಸ್ಸು ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಸುರಂಗದಾರಿ ಇಳಿದು ಹತ್ತಿ ರೈಲ್ವೆ ಸ್ಟೇಷನ್, ಜನರಲ್ ಟಿಕೆಟ್ ತೆಗೆದುಕೊಂಡು ಸಿಕ್ಕ ಮೈಸೂರು ರೈಲು ಹತ್ತಿದೆ. ಬಸ್ಸು, ರೈಲು ಎರಡೂ ಸೇರಿ 400 ರೂಪಾಯಿ ಮುಟ್ಟಲಿಲ್ಲ. ಅದರಲ್ಲೂ ಮಂಡ್ಯದ ತನಕದ ತೊಂಬತ್ತು ಚಿಲ್ಲರೆ ಕಿಲೋಮೀಟರ್‌ಗೆ ರೈಲಿಗೆ ಕೊಟ್ಟದ್ದು ಬಸ್ಸಿಗೆ ಕೊಟ್ಟಿದ್ದರಲ್ಲಿ ಅರ್ಧವೂ ಇಲ್ಲ. ಬೆಂಗಳೂರು ಒಳಗಿನ ಮೂವತ್ತೈದು ಕಿಲೋಮೀಟರ್‌ಗೇ ದುಡ್ಡು ಜಾಸ್ತಿ.

ನಾನು ಬರಿಗೈಯಲ್ಲಿ ಇದ್ದೆ, ಬಂದುಬಿಟ್ಟೆ. ಭಾವ ಅದೇ ದಾರಿಯಲ್ಲಿ ರಾತ್ರಿ ಹೊತ್ತು ಎರಡು ಬ್ಯಾಗು ಎಳೆದುಕೊಂಡು ಹೋಗಲು ಆಗುತ್ತಿತ್ತಾ? ಆಗುತ್ತಿರಲಿಲ್ಲ. ಕಡಿಮೆ ದುಡ್ಡಿನ ದಾರಿ ಇದೆ, ಆದರೆ ಮಧ್ಯೆ ಎರಡು ಕಡೆ ಕಡಿದು ಹೋಗಿದೆ. ಆ ಎರಡು ಕಡೆ ಜೋಡಿಸಿದರೆ ನಮ್ಮಂಥ ಮನೆಯವರಿಗೆ ನಾಲ್ಕೈದು ಸಾವಿರ ಉಳಿಯುತ್ತದೆ. ಏರ್‌ಪೋರ್ಟ್ ಮೆಟ್ರೋ ಕಟ್ಟುತ್ತಿದ್ದಾರೆ, ಸರಿ. ಅದು ಬಂದ ಮೇಲೆ ನಮಗೆ, ಅಂದರೆ ಮಂಡ್ಯ ಮೈಸೂರು ಕಡೆಯವರಿಗೆ, ಏನು ಸಿಗುತ್ತದೆ? ಅದರ ದರ ಮಾಮೂಲಿ ಮೆಟ್ರೋ ದರದ ಹಾಗೇ ಇರಬೇಕು ಅಂತ ನನ್ನ ಅಭಿಪ್ರಾಯ. ನೀವೆಲ್ಲ ಏನಂತೀರಿ?

ಕುವೆಂಪುನಗರ ಕಾಫಿ:

ಮೊದಲಿಗೆ ಲೆಕ್ಕ ಸರಿ ಮಾಡಿ. 5,200 ಅಂದರೆ ಐದು ಜನಕ್ಕೆ ತಲೆಗೆ 1,040. ಮನೆ ಬಾಗಿಲಿಂದ ಏರ್‌ಪೋರ್ಟ್ ಬಾಗಿಲಿಗೆ, ನಡುರಾತ್ರಿ. ಅಷ್ಟೇನೂ ಅನ್ಯಾಯ ಅನಿಸುವುದಿಲ್ಲ ನನಗೆ.

ಮಂಡ್ಯ ಲೋಕಲ್:

ಸರ್, ಹೋಗಬೇಕಾಗಿದ್ದದ್ದು ಒಬ್ಬರೇ. ಹೇಗೂ ಕಾರು ಹೋಗುತ್ತದೆ ಅಂತ ನಾಲ್ಕು ಜನ ಜೊತೆಗೆ ಹೊರಟೆವು. ಒಬ್ಬರೇ ಹೋಗಿದ್ದರೂ ಅದೇ 5,200.

ಮದ್ದೂರು ಸೀಸನ್ ಪಾಸ್:

ನಾನು ದಿನಾ ಮದ್ದೂರಿನಿಂದ ಬೆಂಗಳೂರಿಗೆ ಪಾಸ್‌ನಲ್ಲಿ ಓಡಾಡುತ್ತೇನೆ. ರೈಲ್ವೆ ಸೀಸನ್ ಪಾಸ್ 150 ಕಿಲೋಮೀಟರ್ ತನಕ ಸಿಗುತ್ತದೆ, ಮೈಸೂರು ಬೆಂಗಳೂರು 138, ಹಾಗಾಗಿ ಈ ದಾರಿಯ ಪೂರ್ತಿ ಊರುಗಳಿಗೆ ಅದು ಅನ್ನ ಕೊಟ್ಟಿದೆ. ಈ ಪಾಸ್ ಇಲ್ಲದಿದ್ದರೆ ನಾನು ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಬೇಕಿತ್ತು, ಅಪ್ಪನ ಗದ್ದೆ ನೋಡುವವರು ಇರುತ್ತಿರಲಿಲ್ಲ.

ಏರ್‌ಪೋರ್ಟ್‌ಗೆ ರೈಲು ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇದೆ. 2021ರ ಜನವರಿಯಲ್ಲಿ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ ತೆರೆದರು, ಯಲಹಂಕ ದೇವನಹಳ್ಳಿ ಚಿಕ್ಕಬಳ್ಳಾಪುರ ಲೈನಲ್ಲಿ. ಶುರುವಿನಲ್ಲಿ ಟಿಕೆಟ್ 10ರಿಂದ 15 ರೂಪಾಯಿ. ಸರಿಯಾಗಿ ಓದಿಕೊಳ್ಳಿ, ಹದಿನೈದು ರೂಪಾಯಿ. ವಾಯುವಜ್ರದ ಪಕ್ಕ ಇಟ್ಟು ನೋಡಿ.

ಆ ವರ್ಷವೇ ನಾನು ನನ್ನ ತಮ್ಮನನ್ನು ಬಿಡಲು ಅದರಲ್ಲಿ ಹೋಗಿದ್ದೆ. ಚಿಕ್ಕ ಸ್ಟೇಷನ್ನು, ಹೊಸ ಬಣ್ಣ. ಟರ್ಮಿನಲ್ ಅಲ್ಲಿಂದ ಮೂರೂವರೆ ಕಿಲೋಮೀಟರ್, ಹೊರಗೆ ಒಂದು ಬಸ್ಸು ಕಾಯುತ್ತಿತ್ತು. ನಾವಿಬ್ಬರು ಬಿಟ್ಟರೆ ಇಳಿದವರು ಎಂಟೋ ಹತ್ತೋ ಜನ. ಹೋಗುವಾಗ ಆರಾಮಾಗಿತ್ತು. ತಮ್ಮನನ್ನು ಬಿಟ್ಟು ವಾಪಸ್ ಬಂದು ನೋಡಿದರೆ ಮುಂದಿನ ರೈಲಿಗೆ ನಾಲ್ಕು ಗಂಟೆ ಕಾಯಬೇಕು. ಪ್ಲಾಟ್‌ಫಾರ್ಮ್‌ನಲ್ಲಿ ಕೂತು ಕೂತು ಸಾಕಾಗಿ, ಕೊನೆಗೆ ಟರ್ಮಿನಲ್‌ಗೆ ಮರಳಿ ವಾಯುವಜ್ರಕ್ಕೇ ಹತ್ತಿದೆ. ಅಲ್ಲಿಗೆ 15 ರೂಪಾಯಿ ಉಳಿತಾಯದ ಕಥೆ ಮುಗಿಯಿತು.

ಅದು ಒಂಟಿ ಹಳಿ. ಎದುರಿಂದ ಒಂದು ಗಾಡಿ ಬಂದರೆ ಇನ್ನೊಂದು ನಿಂತು ದಾರಿ ಬಿಡಬೇಕು. ಬೆಳಗಿನ ಜಾವದ ಫ್ಲೈಟ್‌ಗಳಿಗೆ ಹೊಂದುವ ರೈಲು ಇಲ್ಲ. ಟಿಕೆಟ್ ಅಗ್ಗ ಮಾಡಿದರೆ ಸಾಲದು, ಗಾಡಿ ಬರಬೇಕು ಅಲ್ವಾ.

ಗೋಕುಲಂ ಮೂರನೇ ಹಂತ:

ಮಂಡ್ಯದವರ ಮಾತಿಗೆ ನನ್ನ ಪೂರ್ತಿ ಬೆಂಬಲ. ನಾನು ಆರು ವರ್ಷ ಸಿಡ್ನಿಯಲ್ಲಿ ಇದ್ದೆ. ಅಲ್ಲಿ ಒಲಿಂಪಿಕ್ಸ್ ನಡೆದ 2000ನೇ ಇಸವಿಯಲ್ಲೇ ಏರ್‌ಪೋರ್ಟ್ ಒಳಗೆ ರೈಲು ಬಂತು. ಟರ್ಮಿನಲ್ ಕೆಳಗೇ ಸ್ಟೇಷನ್, ಹತ್ತು ಹನ್ನೆರಡು ನಿಮಿಷಕ್ಕೆ ಸಿಟಿ ಮಧ್ಯಕ್ಕೆ ಬಿಡುತ್ತದೆ. ಕೇಳಿದರೆ ಸ್ವರ್ಗ ಅನಿಸುತ್ತದೆ. ಆದರೆ ಆ ಸ್ಟೇಷನ್‌ಗಳನ್ನು ಖಾಸಗಿ ಕಂಪನಿ ಕಟ್ಟಿದ್ದು, ಹಾಗಾಗಿ ಮಾಮೂಲಿ ರೈಲು ದರದ ಮೇಲೆ ಗೇಟ್ ಫೀ ಅಂತ ಬೇರೆ ಹಾಕುತ್ತಾರೆ. ನಾನು ಇದ್ದಾಗ ಅದೊಂದೇ ಹದಿನೈದು ಡಾಲರ್ ದಾಟುತ್ತಿತ್ತು, ರೈಲಿನ ದರಕ್ಕಿಂತ ಗೇಟಿನದೇ ಜಾಸ್ತಿ.

ಪಕ್ಕದ ಸ್ಟೇಷನ್ ಮ್ಯಾಸ್ಕಾಟ್. ಅಲ್ಲೂ ಈ ಫೀ ಇತ್ತು, 2011ರಲ್ಲಿ ತೆಗೆದರು. ತೆಗೆದ ಮೇಲೆ ಏನಾಯಿತು ಅಂದರೆ, ಗೊತ್ತಿರುವವರು ಏರ್‌ಪೋರ್ಟ್‌ನಿಂದ 420 ನಂಬರ್ ಸಿಟಿ ಬಸ್ಸು ಹತ್ತಿ ಮ್ಯಾಸ್ಕಾಟ್‌ಗೆ ಹೋಗಿ, ಅಲ್ಲಿ ಅದೇ ರೈಲನ್ನು ಹತ್ತುತ್ತಾರೆ. ನಾನೂ ಮಾಡಿದ್ದೇನೆ. ಅಪ್ಪ ಅಮ್ಮ ಮೊದಲ ಸಲ ಬಂದಾಗ ಮೂರು ಜನಕ್ಕೆ ಗೇಟ್ ಫೀ ಕೊಡಲು ಮನಸ್ಸಾಗದೆ ಅವರನ್ನು ಬ್ಯಾಗ್ ಸಮೇತ ಬಸ್ಸಿಗೆ ಹತ್ತಿಸಿದೆ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಬಂದಿದ್ದರು. ಅಪ್ಪ ನಿಂತುಕೊಂಡೇ ಬಂದರು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಹೇಳುವುದು, ಕಟ್ಟುವಾಗಲೇ ದರ ಹೇಗೆ ಅನ್ನುವುದನ್ನು ಕೇಳಬೇಕು. ಬರೆದ ಕರಾರು ಆಮೇಲೆ ತಿದ್ದುವುದು ಕಷ್ಟ.

ಕುವೆಂಪುನಗರ ಕಾಫಿ:

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಇನ್ನೊಂದು ಕಡೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಅಲ್ಲಿಂದ ಹೆಬ್ಬಾಳದ ಮೇಲೆ ಏರ್‌ಪೋರ್ಟ್, ಮೆಟ್ರೋದ ಈ ನೀಲಿ ಮಾರ್ಗ ಒಟ್ಟು 58 ಕಿಲೋಮೀಟರ್ ಆಸುಪಾಸು. ಸಾಲ ತಂದು ಕಟ್ಟುತ್ತಿದ್ದಾರೆ, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲ ಇದೆ. ಆ ಸಾಲ ತೀರಿಸುವವರು ಯಾರು? ನೀವು ನಾವೇ. ವಿಮಾನದ ಟಿಕೆಟ್‌ಗೆ ಐದು ಸಾವಿರ, ಇಪ್ಪತ್ತು ಸಾವಿರ ಕೊಡುವವರ ಹತ್ತಿರ ಏರ್‌ಪೋರ್ಟ್ ಸ್ಟೇಷನ್‌ಗೆ ಅಂತ ಐವತ್ತೋ ನೂರೋ ಜಾಸ್ತಿ ತೆಗೆದುಕೊಂಡರೆ ಏನು ತಪ್ಪು? ಆ ದುಡ್ಡಿನಿಂದ ವಿಜಯನಗರದಿಂದ ಕೆಲಸಕ್ಕೆ ಹೋಗುವ ಗಾರ್ಮೆಂಟ್ ಹೆಣ್ಣುಮಗಳ ಟಿಕೆಟ್ ಕಡಿಮೆ ಇಡಬಹುದು. ಈಗ ನೋಡಿ, 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದರು, ಅತಿ ಹೆಚ್ಚು ದರ 60 ಇದ್ದದ್ದು 90 ಆಯಿತು. ದಿನಾ ಓಡಾಡುವವರಿಗೆ ಏಟು ಬಿತ್ತು. ವರ್ಷಕ್ಕೆ ಒಂದೆರಡು ಸಲ ವಿಮಾನ ಹತ್ತುವವರಿಗೆ ಕನ್ಸೆಶನ್ ಕೊಡುವ ಬದಲು ದಿನಾ ಓಡಾಡುವವರಿಗೆ ಕೊಡಿ ಅನ್ನುವುದು ನನ್ನ ಮಾತು.

ಪಾಂಡವಪುರದ ಮಗಳು:

ಕಾಫಿ ಅಣ್ಣ, ಒಂದು ವಿಷಯ ನಿಮಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಏರ್‌ಪೋರ್ಟ್‌ಗೆ ದಿನಾ ಹೋಗುವವರು ಯಾರು ಗೊತ್ತಾ? ನಾವು. ನಾನು ಟರ್ಮಿನಲ್ ಒಳಗೆ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರ್‌ನಲ್ಲಿ ಇದ್ದೇನೆ, ಮೂರು ವರ್ಷ ಆಯಿತು. ನನ್ನ ಹಾಗೆ ಟ್ರಾಲಿ ತಳ್ಳುವವರು, ಕ್ಲೀನಿಂಗ್‌ನವರು, ಸೆಕ್ಯುರಿಟಿ, ಲೋಡಿಂಗ್, ಅಡುಗೆಮನೆ ಹುಡುಗರು, ಸಾವಿರಾರು ಜನ. ನಮ್ಮಲ್ಲಿ ಎಷ್ಟೋ ಜನ ಇನ್ನೂ ವಿಮಾನವೇ ಹತ್ತಿಲ್ಲ.

ವಾಯುವಜ್ರಕ್ಕೆ ದಿನಾ ದುಡ್ಡು ಕೊಟ್ಟರೆ ಸಂಬಳದಲ್ಲಿ ಏನು ಉಳಿಯುತ್ತದೆ? ಅದಕ್ಕೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗುವ 298 ಸಾದಾ ಬಸ್ಸು ಹಿಡಿಯುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಸಾದಾ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಹೆಂಗಸರಿಗೆ ಶೂನ್ಯ ಟಿಕೆಟ್. ವಾಯುವಜ್ರ ಏಸಿ ಬಸ್ಸು, ಅದಕ್ಕೆ ಶಕ್ತಿ ಇಲ್ಲ. ಸಾದಾ ಬಸ್ಸು ಟರ್ಮಿನಲ್ ಒಳಗೆ ಹೋಗುವುದಿಲ್ಲ, ಹೈವೇಯಲ್ಲೇ ಇಳಿಸಿ ಮುಂದೆ ಹೋಗುತ್ತದೆ. ಇಳಿದ ಮೇಲೆ ಒಳಗಿನ ದಾರಿಗೆ ಏನಾದರೂ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಯಾರದೋ ಗಾಡಿಗೆ ಕೈ ಅಡ್ಡ ಹಾಕಬೇಕು. ರಾತ್ರಿ ಶಿಫ್ಟಿಗೆ ಹೋಗುವಾಗ ಆ ಹೈವೇ ಪಕ್ಕ ನಿಲ್ಲುವುದಿದೆಯಲ್ಲ, ಲಾರಿ ಹೋದಾಗ ದುಪಟ್ಟಾ ಹಾರಿ ಮುಖಕ್ಕೆ ಬಡಿಯುತ್ತದೆ. ಅಲ್ಲಿ ನಿಂತವರಿಗೇ ಗೊತ್ತು.

ಹಾಗಾಗಿ ಏರ್‌ಪೋರ್ಟ್ ಸ್ಟೇಷನ್‌ಗೆ ನೂರು ಜಾಸ್ತಿ ಇಡಿ ಅಂದರೆ ಅದು ವಿಮಾನ ಹತ್ತುವವರಿಗೆ ಮಾತ್ರ ಬೀಳುವುದಿಲ್ಲ. ಗೇಟು ಎಲ್ಲರಿಗೂ ಒಂದೇ.

ಕುವೆಂಪುನಗರ ಕಾಫಿ:

ತಂಗಿ, ಇದು ನನಗೆ ನಿಜವಾಗಿ ಹೊಳೆದಿರಲಿಲ್ಲ. ಕೆಲಸದವರಿಗೆ ಪಾಸ್ ಕೊಟ್ಟು ಬೇರೆಯವರಿಗೆ ಜಾಸ್ತಿ ದರ ಇಡಬಹುದಾ? ಸುಮ್ನೆ ಕೇಳುತ್ತಿದ್ದೇನೆ.

ಪಾಂಡವಪುರದ ಮಗಳು:

ಪಾಸ್ ಅಂದರೆ ಕಂಪನಿ ಮೂಲಕ ಅಂತಾರೆ. ನಾವೆಲ್ಲ ಕಾಂಟ್ರಾಕ್ಟ್ ಅಣ್ಣ. ಮೂರು ವರ್ಷದಲ್ಲಿ ನನ್ನ ಐಡಿ ಕಾರ್ಡ್ ಮೇಲಿನ ಏಜೆನ್ಸಿ ಹೆಸರು ಎರಡು ಸಲ ಬದಲಾಗಿದೆ. ಪ್ರತಿ ಸಲ ಹೊಸದಾಗಿ ಅರ್ಜಿ, ಹೊಸದಾಗಿ ಕಾಯುವುದು. ದರವೇ ಕಡಿಮೆ ಇದ್ದರೆ ಯಾರ ಹತ್ತಿರವೂ ಕೇಳಬೇಕಿಲ್ಲ.

ದೆಹಲಿಯಿಂದ ವಾಪಸ್:

ಮೈಸೂರು ಜಯಲಕ್ಷ್ಮೀಪುರಂನವನು, ದೆಹಲಿಯಲ್ಲಿ ಹದಿಮೂರು ವರ್ಷ ಕೆಲಸ ಮಾಡಿ ಬಂದೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ಶುರುವಾದದ್ದು 2011ರ ಫೆಬ್ರವರಿಯಲ್ಲಿ, ನಾನು ಅಲ್ಲಿಗೆ ಹೋದ ವರ್ಷವೇ. 22.7 ಕಿಲೋಮೀಟರ್. ನ್ಯೂಡೆಲ್ಲಿ ಸ್ಟೇಷನ್‌ನಿಂದ ಇಪ್ಪತ್ತು ನಿಮಿಷಕ್ಕೆ ಟರ್ಮಿನಲ್ 3. ಒಳಗೆ ಬ್ಯಾಗ್ ಇಡಲು ಜಾಗ, ಮೆತ್ತನೆ ಸೀಟು, ಎಲ್ಲ ಚೆನ್ನಾಗಿತ್ತು. ಜನ ಮಾತ್ರ ಇರಲಿಲ್ಲ. ಖಾಸಗಿಯವರು ನಡೆಸುತ್ತಿದ್ದರು, ದರ ಮಾಮೂಲಿ ಮೆಟ್ರೋಗಿಂತ ಎಷ್ಟೋ ಪಟ್ಟು. 2012ರಲ್ಲಿ ತಾಂತ್ರಿಕ ತೊಂದರೆಯಿಂದ ಆರು ತಿಂಗಳು ನಿಂತೇ ಹೋಯಿತು. 2013ರ ಜುಲೈನಲ್ಲಿ ದೆಹಲಿ ಮೆಟ್ರೋದವರೇ ಕೈಗೆ ತೆಗೆದುಕೊಂಡರು.

ಆಮೇಲೆ ದರ ಇಳಿಸುತ್ತಾ ಬಂದರು. 2015ರಲ್ಲಿ ಅತಿ ಹೆಚ್ಚು ದರ 100ರಿಂದ 60ಕ್ಕೆ ಇಳಿಯಿತು. ಅದಾದ ಮೇಲೆ ಬೋಗಿ ತುಂಬಿದ್ದನ್ನು ನಾನೇ ಕಣ್ಣಾರೆ ಕಂಡೆ. ಮೊದಲು ಸೂಟ್‌ಕೇಸ್ ಹಿಡಿದವರು ಮಾತ್ರ ಇರುತ್ತಿದ್ದರು. ಆಮೇಲೆ ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದವರು, ದ್ವಾರಕಾ ಕಡೆ ಮನೆಗೆ ಹೋಗುವವರು, ಕಾಲೇಜು ಹುಡುಗರು ಎಲ್ಲ ಹತ್ತತೊಡಗಿದರು.

ಕೆನಡಾದ ಟೊರಾಂಟೊದಲ್ಲೂ ಇದೇ ಆಯಿತು. 2015ರಲ್ಲಿ ಏರ್‌ಪೋರ್ಟ್ ರೈಲು ಬಿಟ್ಟರು, ಒಂದು ಕಡೆಗೆ 27.50 ಡಾಲರ್. ಖಾಲಿ ಓಡಿತು. ಮರುವರ್ಷ ಮಾರ್ಚ್‌ನಲ್ಲಿ 12ಕ್ಕೆ ಇಳಿಸಿದರು, ಜನ ಬಂದರು. ಕಾಫಿಯವರು ಸಾಲದ ಮಾತು ಎತ್ತಿದರಲ್ಲ, ಖಾಲಿ ಓಡುವ ಗಾಡಿಯಿಂದ ಯಾವ ಸಾಲವೂ ತೀರುವುದಿಲ್ಲ ಸರ್. ಬೆಂಗಳೂರಲ್ಲೇ ನೋಡಿ, ಹೋದ ಸಲ ದರ ಏರಿದ ಕೂಡಲೇ ಜನ ಕಡಿಮೆಯಾಗಿ ಬೈಕಿಗೆ ವಾಪಸ್ ಹೋದರು.

ಸ್ಟೀರಿಂಗ್ ಹಿಡಿದವನು:

ನಾನು ಮೈಸೂರಲ್ಲಿ ಟ್ಯಾಕ್ಸಿ ಓಡಿಸುತ್ತೇನೆ, ಸ್ವಂತ ಗಾಡಿ, ಇನ್ನೂ ಎರಡು ವರ್ಷ ಕಂತು ಇದೆ. ಕಾರಿನವರು ದೋಚುತ್ತಾರೆ ಅಂತ ಇಲ್ಲಿ ಯಾರೂ ಅಂದಿಲ್ಲ, ಅದಕ್ಕೆ ಖುಷಿ. ಆದರೂ ಲೆಕ್ಕ ಹೇಳುತ್ತೇನೆ. ಮೈಸೂರಿಂದ ಏರ್‌ಪೋರ್ಟ್‌ಗೆ 180 ಕಿಲೋಮೀಟರ್ ಆಸುಪಾಸು. ಹೋಗುವಾಗ ಕಸ್ಟಮರ್ ಇರುತ್ತಾರೆ, ಬರುವಾಗ ಹತ್ತರಲ್ಲಿ ಆರು ಸಲ ಖಾಲಿ. ಗಣಂಗೂರು ಟೋಲು, ಕಣಿಮಿಣಿಕೆ ಟೋಲು, ಆ ಕಡೆ ಸಾದಹಳ್ಳಿ ಟೋಲು. ಡೀಸೆಲ್ಲು. ಮುಖ್ಯವಾಗಿ ನಿದ್ದೆ. ರಾತ್ರಿ 10ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ವಾಪಸ್ ಬರುವಾಗ ಬಿಡದಿ ದಾಟಿದ ಮೇಲೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಚನ್ನಪಟ್ಟಣದ ಹತ್ತಿರ ಸೈಡಿಗೆ ಹಾಕಿ ಮುಖ ತೊಳೆದುಕೊಂಡು ಬಂದಿದ್ದೇನೆ. ಹೋದ ವರ್ಷ ನಮ್ಮ ಸ್ಟ್ಯಾಂಡಿನ ಒಬ್ಬ ಹುಡುಗ ಹೀಗೇ ನಿದ್ದೆಗಣ್ಣಲ್ಲಿ ಡಿವೈಡರ್‌ಗೆ ಹೊಡೆದ. ಬದುಕಿದ, ಕಾಲು ಹೋಯಿತು.

ಮೈಸೂರಿಂದ ನೇರ ರೈಲು ಬಂದರೆ ನನ್ನ ಬಾಡಿಗೆ ಕಡಿಮೆಯಾಗುತ್ತದೆ, ನಿಜ. ಆದರೂ ಬರಲಿ ಅಂತಲೇ ಹೇಳುತ್ತೇನೆ. ಮನೆಯಿಂದ ಸ್ಟೇಷನ್‌ಗೆ ಬಿಡುವ ಚಿಕ್ಕ ಬಾಡಿಗೆ ದಿನಕ್ಕೆ ಆರೇಳು ಸಿಕ್ಕಿದರೆ ನನಗೆ ಅದೇ ಸಾಕು, ರಾತ್ರಿ ಮನೆಯಲ್ಲಿ ಮಲಗಬಹುದು.

ಶ್ರೀರಂಗಪಟ್ಟಣ ಸೇತುವೆ:

ಮೈಸೂರಿಂದ ಏರ್‌ಪೋರ್ಟ್‌ಗೆ ನೇರ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಗೋಕುಲಂ ಮೂರನೇ ಹಂತ:

ಒಬ್ಬರೇ ಹೋಗುವುದಾದರೆ, ಜೊತೆಗೆ ಬ್ಯಾಗು ಇದ್ದರೆ, ಈಗಿನ ಮಟ್ಟಿಗೆ ಫ್ಲೈಬಸ್ಸೇ ಸರಿ. ಮೈಸೂರಲ್ಲಿ ಹತ್ತಿ ಕಣ್ಣು ಮುಚ್ಚಿದರೆ ಟರ್ಮಿನಲ್ ಮುಂದೆ ಇಳಿಯಬಹುದು, ಮೆಜೆಸ್ಟಿಕ್ ತಲೆನೋವು ಇಲ್ಲ. ಆದರೆ ಮಾಮೂಲಿ ಬಸ್ಸಿನ ದರಕ್ಕೆ ಹೋಲಿಸಿದರೆ ತುಂಬಾ ಜಾಸ್ತಿ, ಶಕ್ತಿ ಅನ್ವಯ ಆಗುವುದಿಲ್ಲ. ನಾಲ್ಕು ಜನ ಇದ್ದರೆ ಕಾರಿಗೇ ಹೋಗಬೇಕು ಅನಿಸುತ್ತದೆ. ಫ್ಲೈಟ್ ಲೇಟಾಗಿ ನಿಮ್ಮ ಬಸ್ಸು ಹೋಗಿಬಿಟ್ಟರೆ ಮುಂದಿನದಕ್ಕೆ ಕಾಯಬೇಕು, ಅದೂ ಸೀಟು ಖಾಲಿ ಇದ್ದರೆ.

ಅಶೋಕಪುರಂ ಕೊನೇ ಬೋಗಿ:

ಎಲ್ಲರೂ ಮೆಜೆಸ್ಟಿಕ್ ಮೇಲೇ ಯೋಚನೆ ಮಾಡುತ್ತಿದ್ದೀರಿ. ನಾನು ಬೇರೆ ಒಂದು ದಾರಿ ಹಿಡಿಯುತ್ತೇನೆ, ಬೇಕಾದವರು ನೋಡಿ.

ಹಂಪಿ ಎಕ್ಸ್‌ಪ್ರೆಸ್ ಸಂಜೆ ಮೈಸೂರಿಂದ ಹೊರಟು ಮಂಡ್ಯ, ಬೆಂಗಳೂರು ದಾಟಿ ಯಲಹಂಕದ ಮೇಲೆ ಹೋಗುತ್ತದೆ. ಬೆಂಗಳೂರಲ್ಲಿ ಇಳಿಯಬೇಡಿ, ಕೂತೇ ಇರಿ, ಯಲಹಂಕದಲ್ಲಿ ಇಳಿಯಿರಿ. ಇಡೀ ಊರಿನ ಟ್ರಾಫಿಕ್ಕನ್ನು ಹಳಿ ಮೇಲೆ ದಾಟಿಬಿಟ್ಟಿರಿ. ಅಲ್ಲಿಂದ ಏರ್‌ಪೋರ್ಟ್ ಇಪ್ಪತ್ತು ಕಿಲೋಮೀಟರ್ ಒಳಗೆ. ಆಟೋದಲ್ಲಿ ಬಳ್ಳಾರಿ ರಸ್ತೆಗೆ ಬಂದು ವಾಯುವಜ್ರ ಹಿಡಿಯಬಹುದು, ಇಲ್ಲ ಅಲ್ಲಿಂದಲೇ ಕ್ಯಾಬ್. ಬೆಳಗಿನ ಜಾವದ ಫ್ಲೈಟ್‌ಗೆ ಇದು ಹೊಂದುತ್ತದೆ. ಟರ್ಮಿನಲ್‌ನಲ್ಲಿ ಎರಡು ಮೂರು ಗಂಟೆ ಜಾಸ್ತಿ ಕಾಯಬೇಕು ಅಷ್ಟೇ. ಜನರಲ್ ಬೋಗಿಯಲ್ಲಿ ಬ್ಯಾಗ್ ಇಟ್ಟುಕೊಂಡು ಹೋಗುವುದು ಕಷ್ಟ, ಸ್ಲೀಪರ್ ಬುಕ್ ಮಾಡಿ.

ಈಗ ಮುಖ್ಯ ವಿಷಯ. ನೀಲಿ ಮಾರ್ಗ ನಮಗೆ ನೇರ ದಾರಿ ಅಲ್ಲ. ನಕ್ಷೆ ತೆಗೆದು ನೋಡಿ. ಕೆಂಗೇರಿಯಲ್ಲಿ ನೇರಳೆ ಮಾರ್ಗ ಹತ್ತಿದರೆ ಊರಿನ ಪಶ್ಚಿಮದಿಂದ ಪೂರ್ವದ ಕೆ.ಆರ್. ಪುರದ ತನಕ ಹೋಗಿ, ಅಲ್ಲಿ ಬದಲಿಸಿ, ಮತ್ತೆ ಉತ್ತರಕ್ಕೆ ತಿರುಗಬೇಕು. ಮೂಗು ಹಿಡಿಯಲು ತಲೆ ಸುತ್ತಿ ಕೈ ತಂದ ಹಾಗೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಮೆಟ್ರೋ ಮೂರನೇ ಹಂತದಲ್ಲಿ ಜೆ.ಪಿ. ನಗರದಿಂದ ಹೊರವರ್ತುಲ ರಸ್ತೆ ಮೇಲೆ ಕೆಂಪಾಪುರಕ್ಕೆ ಹೋಗುವ 32 ಕಿಲೋಮೀಟರ್ ಲೈನ್ ಇದೆ. ಅದು ಮೈಸೂರು ರಸ್ತೆಯನ್ನು ದಾಟುತ್ತದೆ. ಅದು ಬಂದರೆ ನಮಗೆ ಮೈಸೂರು ರಸ್ತೆಯಲ್ಲಿ ಬದಲಿಸಿ ಹೆಬ್ಬಾಳ, ಅಲ್ಲಿಂದ ಏರ್‌ಪೋರ್ಟ್. ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಇದೆಲ್ಲಕ್ಕಿಂತ ನಮಗೆ ಹತ್ತಿರದ್ದು ಉಪನಗರ ರೈಲಿನ ಸಂಪಿಗೆ ಮಾರ್ಗ. ಕೆಎಸ್ಆರ್ ಸ್ಟೇಷನ್‌ನಿಂದ ದೇವನಹಳ್ಳಿಗೆ 41 ಕಿಲೋಮೀಟರ್, ಏರ್‌ಪೋರ್ಟ್ ಮೇಲೆ. ನಮ್ಮ ಮೈಸೂರು ರೈಲು ಬಂದು ನಿಲ್ಲುವ ಸ್ಟೇಷನ್ನಿಂದಲೇ ಹೊರಡುತ್ತದೆ! ಸುರಂಗದಾರಿ ಇಲ್ಲ, ಮೆಜೆಸ್ಟಿಕ್ ಇಲ್ಲ. ಇಡೀ ಉಪನಗರ ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು, ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೆಲಸ ಮೊದಲು ಶುರು ಮಾಡಿದ್ದು ಮಲ್ಲಿಗೆ, ಕನಕದ್ದು. ಸಂಪಿಗೆ ಹಿಂದೆ ಬಿತ್ತು. ಬೆಂಗಳೂರಿನವರಿಗೆ ಮೆಟ್ರೋ ಬರುತ್ತಿದೆ, ಅವರು ಸುಮ್ಮನಿದ್ದಾರೆ. ನಾವು ಕೇಳದಿದ್ದರೆ ಸಂಪಿಗೆ ಯಾರೂ ಕೇಳುವುದಿಲ್ಲ.

ಮದ್ದೂರು ಸೀಸನ್ ಪಾಸ್:

ಕೊನೇ ಬೋಗಿಯವರೇ, ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಸ್ಟೇಷನ್‌ನಲ್ಲಿ ಹಾಕಬೇಕು. ಮುಖ್ಯವಾಗಿ, ರೈಲ್ವೆಯ ದರದಲ್ಲಿ ಕಿಲೋಮೀಟರ್ ಲೆಕ್ಕ ಒಂದೇ ಸಲ ಆಗುತ್ತದೆ. ಮಂಡ್ಯದಿಂದ ಏರ್‌ಪೋರ್ಟ್ ಹಾಲ್ಟ್‌ಗೆ ಒಂದೇ ಟಿಕೆಟ್ ಅಂದರೆ, ಬೆಂಗಳೂರು ತನಕದ ದರದ ಮೇಲೆ ಹತ್ತು ಹದಿನೈದು ರೂಪಾಯಿ ಜಾಸ್ತಿ ಅಷ್ಟೇ. ಇವತ್ತಿರುವ ಹಳಿಯ ಮೇಲೇ ಬೆಳಿಗ್ಗೆ ಒಂದು, ರಾತ್ರಿ ಒಂದು ಮೆಮು, ಅಂದರೆ ಕರೆಂಟಿನ ಲೋಕಲ್ ರೈಲು, ಮೈಸೂರಿಂದ ನೇರವಾಗಿ ಏರ್‌ಪೋರ್ಟ್ ಹಾಲ್ಟ್ ತನಕ ಬಿಟ್ಟರೂ ಸಾಕು. ಕರೆಂಟ್ ಲೈನ್ ಎರಡೂ ಕಡೆ ಇದೆ. ಒಂಟಿ ಹಳಿ ಅಂದರೂ ನಡುರಾತ್ರಿ ಅಲ್ಲಿ ಅಷ್ಟು ಗಾಡಿ ಇರುವುದಿಲ್ಲ.

ಹೂಟಗಳ್ಳಿ:

ಚೆನ್ನೈ ನೋಡಿ ಕಲಿಯಬೇಕು. ನಮ್ಮ ಮಾವನ ಮನೆ ಅಲ್ಲಿ, ಹಾಗಾಗಿ ನಾವು ಸಿಂಗಪುರಕ್ಕೆ ಹೋಗುವಾಗ ಅಲ್ಲಿಂದಲೇ ಹತ್ತಿದೆವು. ರಾತ್ರಿ ಮೈಸೂರಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ರಸ್ತೆ ದಾಟಿದರೆ ಪಾರ್ಕ್ ಸ್ಟೇಷನ್, ಅಲ್ಲಿಂದ ತಾಂಬರಂ ಲೋಕಲ್. ತಿರುಸೂಲಂನಲ್ಲಿ ಇಳಿದರೆ ಏರ್‌ಪೋರ್ಟ್ ಎದುರಿಗೇ ಇದೆ, ಟಿಕೆಟ್ ಹತ್ತು ರೂಪಾಯಿ ಮೀರುವುದಿಲ್ಲ. ಏಸಿ ಬೇಕು ಅನ್ನುವವರಿಗೆ ಮೆಟ್ರೋ ಇದೆ, 2016ರಲ್ಲೇ ಏರ್‌ಪೋರ್ಟ್ ಒಳಗೆ ಬಂತು, ದರ ಉಳಿದ ಸ್ಟೇಷನ್‌ಗಳ ಹಾಗೇ, ಏರ್‌ಪೋರ್ಟ್ ಅಂತ ಬೇರೆ ಇಲ್ಲ. ಅತಿ ಹೆಚ್ಚು ಅಂದರೆ 50. ಹತ್ತು ರೂಪಾಯಿಯ ದಾರಿಯೂ ಇದೆ, ಐವತ್ತು ರೂಪಾಯಿಯದೂ ಇದೆ, ಟ್ಯಾಕ್ಸಿಯೂ ಇದೆ. ಯಾರ ಜೇಬಿಗೆ ಯಾವುದು ಸರಿಯೋ ಅವರು ಅದಕ್ಕೆ ಹೋಗುತ್ತಾರೆ.

ದೆಹಲಿಯಿಂದ ವಾಪಸ್:

ಹೌದು, ದೊಡ್ಡ ಊರುಗಳೆಲ್ಲ ಹಾಗೇ. ಲಂಡನ್‌ನಲ್ಲಿ ಹೀಥ್ರೂ ಎಕ್ಸ್‌ಪ್ರೆಸ್ ಹದಿನೈದು ನಿಮಿಷ, 25 ಪೌಂಡ್ ಆಸುಪಾಸು. ಅದರ ಜೊತೆಗೇ 1977ರಿಂದ ಮಾಮೂಲಿ ಮೆಟ್ರೋದ ಪಿಕಡಿಲಿ ಲೈನ್ ಇದೆ, ಒಂದು ಗಂಟೆ ಹಿಡಿಯುತ್ತದೆ, ದರ ಅದರ ಕಾಲು ಭಾಗ. ಶಾಂಘೈನಲ್ಲಿ ಹಳಿ ಮುಟ್ಟದೆ ಓಡುವ ಮ್ಯಾಗ್ಲೆವ್ ರೈಲಿಗೆ 50 ಯುವಾನ್, ಮಾಮೂಲಿ ಮೆಟ್ರೋ ಅದರ ಆರನೇ ಒಂದು ಭಾಗದ ಹತ್ತಿರ. ದುಬಾರಿ ರೈಲು ಇರುವುದು ತಪ್ಪಲ್ಲ. ಅದೊಂದೇ ಇರುವುದು ತಪ್ಪು.

ಕುವೆಂಪುನಗರ ಕಾಫಿ:

ಸರಿ, ಒಪ್ಪಿದೆ. ಪಾಂಡವಪುರದ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನಾನು ಇಷ್ಟು ದಿನ ಏರ್‌ಪೋರ್ಟ್ ಅಂದರೆ ಸೂಟ್‌ಕೇಸ್ ಎಳೆಯುವವರನ್ನು ಮಾತ್ರ ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ಮಾಮೂಲಿ ದರವೇ ಇರಲಿ. ಆದರೆ ದುಬಾರಿ ಬಸ್ಸು, ಕಾರು ಪಾರ್ಕಿಂಗ್ ಇವುಗಳಲ್ಲಿ ಜಾಸ್ತಿ ತೆಗೆದುಕೊಂಡರೆ ನನ್ನ ತಕರಾರಿಲ್ಲ.

ಇನ್ನೊಂದು ಮಾತು. ನಮ್ಮ ಮಂಡಕಳ್ಳಿಯನ್ನು ಮರೆಯಬೇಡಿ. ಮೈಸೂರು ಏರ್‌ಪೋರ್ಟ್ ಊರಿಂದ ಹತ್ತು ಕಿಲೋಮೀಟರ್, ನಂಜನಗೂಡು ರಸ್ತೆಯ ಬಸ್ಸುಗಳು ಅದರ ಮುಂದೇ ಹೋಗುತ್ತವೆ. ರನ್‌ವೇ 1,740 ಮೀಟರ್ ಮಾತ್ರ, ಎಟಿಆರ್‌ನಂಥ ಚಿಕ್ಕ ವಿಮಾನ ಬಿಟ್ಟು ದೊಡ್ಡ ವಿಮಾನ ಇಳಿಯಲು ಆಗುವುದಿಲ್ಲ. ಅದನ್ನು ಉದ್ದ ಮಾಡಿದರೆ ಈ ಚರ್ಚೆಯಲ್ಲಿ ಅರ್ಧ ಬೇಕಾಗುತ್ತಿರಲಿಲ್ಲ.

ಸ್ಟೀರಿಂಗ್ ಹಿಡಿದವನು:

ಅದು ನಿಜ ಸರ್. ಅಲ್ಲಿಗೆ ಬಾಡಿಗೆ ಹೋಗಿ ಎಷ್ಟು ತಿಂಗಳಾಯಿತೋ.

ಮಂಡ್ಯ ಲೋಕಲ್:

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ಯಲಹಂಕದ ದಾರಿ ಅವಳಿಗೆ ತುಂಬಾ ಹಿಡಿಸಿತು. ಎರಡು ಬ್ಯಾಗ್ ಆದರೆ ಒಬ್ಬರು ಜೊತೆಗೆ ಹೋಗಿ ಯಲಹಂಕದಲ್ಲಿ ಕ್ಯಾಬ್ ಹತ್ತಿಸಿ ಬರಬಹುದು ಅಂದಳು. ಅಮ್ಮ ಕೇಳಿದ್ದು ಒಂದೇ, ಬಿಟ್ಟವರು ರಾತ್ರಿ ಹೇಗೆ ವಾಪಸ್ ಬರುತ್ತಾರೆ? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀವು ಹೇಳಿದ್ದನ್ನೆಲ್ಲ ಇಟ್ಟುಕೊಂಡು ರೈಲ್ವೆಗೆ ಮತ್ತು ನಮ್ಮ ಸಂಸದರಿಗೆ ಒಂದು ಅರ್ಜಿ ಬರೆದಿದ್ದೇನೆ, ಒಂದೂವರೆ ಪುಟ. ಮೈಸೂರಿಂದ ಮಂಡ್ಯದ ಮೇಲೆ ಏರ್‌ಪೋರ್ಟ್ ಹಾಲ್ಟ್ ತನಕ ನೇರ ಮೆಮು, ಒಂದೇ ಟಿಕೆಟ್. ಹಾಲ್ಟ್‌ನಿಂದ ಟರ್ಮಿನಲ್‌ಗೆ ಪ್ರತಿ ರೈಲಿಗೂ ಬಸ್ಸು. ಸಂಪಿಗೆ ಮಾರ್ಗ ಬೇಗ. ನೀಲಿ ಮಾರ್ಗಕ್ಕೆ ಬೇರೆ ದರ ಬೇಡ. ಪಾಂಡವಪುರದ ತಂಗಿ, ನೀವು ಬರೆದದ್ದನ್ನು ಹೆಸರು ಹಾಕದೆ ಒಂದು ಪ್ಯಾರಾ ಸೇರಿಸಲಾ?

ಭಾನುವಾರ ಬೆಳಿಗ್ಗೆ ಮಂಡ್ಯ ಸ್ಟೇಷನ್ ಟಿಕೆಟ್ ಕೌಂಟರ್ ಹತ್ತಿರ ಇರುತ್ತೇನೆ, ಸಹಿ ಹಾಕುವವರು ಬನ್ನಿ.

ಪಾಂಡವಪುರದ ಮಗಳು:

ಸೇರಿಸಿ ಅಣ್ಣ. ರಾತ್ರಿ ಶಿಫ್ಟ್ ಅಂತ ಬರೆಯುವುದನ್ನು ಮಾತ್ರ ಬಿಡಬೇಡಿ.

ಮದ್ದೂರು ಸೀಸನ್ ಪಾಸ್:

ಭಾನುವಾರ ಬೇಡ, ಅವತ್ತು ಪಾಸ್‌ನವರು ಯಾರೂ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮ್‌ನಲ್ಲೇ ನಿಲ್ಲಿ. ಮಂಡ್ಯದಲ್ಲಿ ನೀವು ಹತ್ತಿ, ಮದ್ದೂರಲ್ಲಿ ನಾನು ಹತ್ತುತ್ತೇನೆ, ಬೆಂಗಳೂರು ಬರುವಷ್ಟರಲ್ಲಿ ಎರಡು ಬೋಗಿ ಸಹಿ ಆಗುತ್ತದೆ. ಹಾಳೆಯ ಕೆಳಗೆ ಇಡಲು ಒಂದು ರಟ್ಟು ತನ್ನಿ, ರಾಮನಗರ ದಾಟಿದ ಮೇಲೆ ಗಾಡಿ ತುಂಬಾ ಅಲ್ಲಾಡುತ್ತದೆ.